ಕಕ್ಕಡಕ್ಕೆ (ಕೊಡಗಿನ ಜೋರು ಮಳೆಯ ತಿಂಗಳಿಗೆ) ಮುಂಚೆ ಸೌದೆ ಒಟ್ಟುವುದು ಹೇಗೆ? ನೋಡಲೂ ಚೆನ್ನಾಗಿರಬೇಕು, ಉರಿಯಲೂ ಬೇಕು

ಬಾಣೆಮನೆ | ಫೆಬ್ರವರಿ 11

ನಮಸ್ಕಾರ. ನಾನು ಕೊಡಗಿನ ನಾಪೋಕ್ಲು ಕಡೆಯವಳು. ಅಪ್ಪ ಅವ್ವನ ಜೊತೆ ಇರೋಣ ಅಂತ ಎರಡು ವರ್ಷದ ಹಿಂದೆ ಊರಿಗೆ ಬಂದೆ. ಅಡುಗೆಗೆ ಗ್ಯಾಸ್ ಇದೆ. ಸ್ನಾನದ ಹಂಡೆಗೆ, ಹಿಂದಿನ ಒಲೆಗೆ ಸೌದೆಯೇ ಬೇಕು. ಹಾಲ್‌ನಲ್ಲಿ ಒಂದು ಹಳೇ ಫೈರ್‌ಪ್ಲೇಸ್ ಕೂಡ ಇದೆ. ಮಳೆಗಾಲದಲ್ಲಿ ಅಪ್ಪ ಅದರ ಮುಂದಿನಿಂದ ಏಳುವುದೇ ಇಲ್ಲ.

ಹೋದ ವರ್ಷ ಫೋನಿನಲ್ಲಿ ಯಾವುದೋ ಚಳಿ ದೇಶದ ಫೋಟೋ ನೋಡಿದೆ. ಸೌದೆಯನ್ನು ಬಾವಿ ಕಟ್ಟೆಯ ಹಾಗೆ ಗುಂಡಗೆ ಒಟ್ಟಿದ್ದರು. ಆಸೆ ಆಯಿತು. ಮೇ ತಿಂಗಳಲ್ಲಿ ತೋಟದ ಮರ ಕಪಾತು (ಕೊಂಬೆ ಕಡಿಯುವುದು) ಮುಗಿದ ಮೇಲೆ ಸಿಲ್ವರ್ ಓಕ್, ಮತ್ತಿ, ಹಾಲುವಾಣ ಎಲ್ಲ ಸೇರಿಸಿ ಮನೆಯ ಪಡುವಣ ಗೋಡೆಗೆ ತಾಗಿಸಿ ಗುಂಡಗೆ ಒಟ್ಟಿಸಿದೆ. ನೀಲಿ ಟಾರ್ಪಾಲು ಬುಡದವರೆಗೆ ಹೊದಿಸಿ ಹಗ್ಗ ಬಿಗಿದೆ. ಫೋಟೋಗೆ ಲೈಕೂ ಚೆನ್ನಾಗಿ ಬಂತು.

ಕಕ್ಕಡದಲ್ಲಿ ಟಾರ್ಪಾಲು ಎತ್ತಿದರೆ ಒಳಗೆಲ್ಲ ಬೂಷ್ಟು, ಅಣಬೆ. ಗೆದ್ದಲು ಗೋಡೆ ಹತ್ತಿ ಕಿಟಕಿ ಚೌಕಟ್ಟು ಮುಟ್ಟಿತ್ತು. ಒಲೆಗಿಟ್ಟರೆ ಸೌದೆ ತುದಿಯಲ್ಲಿ ನೀರು ಬುಸುಗುಟ್ಟುತ್ತಿತ್ತು. ಅವ್ವ ಹೊಗೆಯಲ್ಲಿ ಕಣ್ಣೊರೆಸಿಕೊಂಡು, "ಈಗ ಆ ಫೋಟೋನೇ ಉರಿಸು" ಅಂದಳು.

ಈ ಸಲ ತಪ್ಪು ಮಾಡಬಾರದು. ಎಲ್ಲಿ ಒಟ್ಟಲಿ, ಹೇಗೆ ಒಟ್ಟಲಿ, ಯಾವ ಮರ ಬಿಡಲಿ? ಫೈರ್‌ಪ್ಲೇಸ್ ಪಕ್ಕ ಗೋಡೆಯಲ್ಲಿ ಒಂದು ಗೂಡು ಖಾಲಿ ಇದೆ. ಅಲ್ಲಿ ಚಂದ ಕಾಣುವ ಹಾಗೆ ಜೋಡಿಸುವ ಆಸೆ ಇನ್ನೂ ಹೋಗಿಲ್ಲ.

ಕಾವೇರಿತೀರ | ಫೆಬ್ರವರಿ 11

ಇಷ್ಟೊಂದು ತಲೆಬಿಸಿ ಯಾಕೆ? ನಾವು ಹಿತ್ತಲಲ್ಲಿ ಸುಮ್ನೆ ರಾಶಿ ಹಾಕುತ್ತೇವೆ. ಮೇಲೆ ಒಂದು ಹಳೇ ಶೀಟು. ಚೆನ್ನಾಗೇ ಉರಿಯುತ್ತೆ.

ಶಾಂತಳ್ಳಿ_ಶೀಟು | ಫೆಬ್ರವರಿ 11

ಅಣ್ಣಾ, ನೀವು ಕುಶಾಲನಗರದವರು ಅಲ್ವಾ? ನಿಮ್ಮಲ್ಲಿ ಬರುವುದು ಮಳೆ ಅಲ್ಲ, ಪನ್ನೀರು. ನಮ್ಮ ಶಾಂತಳ್ಳಿ ಕಡೆಯೋ ಭಾಗಮಂಡಲದ ಕಡೆಯೋ ಹಾಗೆ ಹಾಕಿದರೆ ಸೌದೆ ಚಿಗುರುತ್ತೆ. ಸುಮ್ಮನೆ ಹೇಳುತ್ತಿಲ್ಲ. ಹೋದ ಸಲ ಹಾಲುವಾಣದ ಗೂಟ ನಿಜವಾಗಿಯೂ ಚಿಗುರಿತ್ತು.

ಗರಗಸ | ಫೆಬ್ರವರಿ 12

ಗೋಣಿಕೊಪ್ಪ ಸುತ್ತ ಮುತ್ತ ಮೆಷಿನ್ ಹಿಡಿದು ಮರ ಕೊಯ್ಯುವುದೇ ನನ್ನ ಕೆಲಸ. ಅಕ್ಕಾ, ನಿಮ್ಮ ಸೌದೆ ಟಾರ್ಪಾಲಿನಿಂದ ಹಾಳಾಗಿದ್ದು ಆಮೇಲಿನ ಮಾತು. ಅದು ಮೇ ತಿಂಗಳಲ್ಲೇ ಹಾಳಾಗಿತ್ತು.

ನಮ್ಮ ಜಿಲ್ಲೆಯ ತೊಂದರೆ ಇದೇ. ಕಾಫಿ ಕುಯ್ಲು ಮುಗಿದು, ಹೂ ಮಳೆ (ಕಾಫಿ ಹೂ ಅರಳಿಸುವ ಮಳೆ) ಬಂದು, ಆಮೇಲೆ ನೆರಳು ಕಡಿಮೆ ಮಾಡಲು ಮರ ಕಪಾತು ಮಾಡುತ್ತೇವೆ. ಆಗ ಕೈಗೆ ಬೇಕಾದಷ್ಟು ಸೌದೆ ಸಿಗುತ್ತೆ. ಸಿಕ್ಕಿದ ಮೂರು ನಾಲ್ಕು ವಾರಕ್ಕೆ ಮುಂಗಾರು. ಹಸಿ ಸೌದೆ ಒಣಗುವುದಕ್ಕೆ ಬಿಸಿಲೇ ಇಲ್ಲ. 10 ಕೆಜಿ ಹಸಿ ಸೌದೆ ತೂಗಿದರೆ ಅದರಲ್ಲಿ 4-5 ಕೆಜಿ ಬರೀ ನೀರು. ಆ ನೀರನ್ನು ಕುದಿಸಿ ಓಡಿಸಿದ ಮೇಲೆ ತಾನೇ ನಿಮ್ಮ ಹಂಡೆ ನೀರು ಕಾಯುವುದು?

ಅದಕ್ಕೆ ನಮ್ಮಲ್ಲಿ ಲೆಕ್ಕ ಹೀಗೆ. ಈ ಮೇ ತಿಂಗಳ ಕಪಾತಿನ ಸೌದೆ ಈ ಮಳೆಗಾಲಕ್ಕಲ್ಲ, ಮುಂದಿನ ಮಳೆಗಾಲಕ್ಕೆ. ಎರಡು ಅಟ್ಟಿ, ಅಂದರೆ ಒಟ್ಟಿದ ಸೌದೆ ಸಾಲು, ಇರಲೇಬೇಕು. ಒಂದು ಉರಿಸಲು, ಒಂದು ಒಣಗಲು. ಎರಡನ್ನೂ ಬೆರೆಸಬಾರದು. ಈ ಒಂದು ವಿಷಯ ಸರಿ ಮಾಡಿಕೊಂಡರೆ ಅರ್ಧ ತಲೆನೋವು ಹೋಯಿತು.

ಬಾಣೆಮನೆ | ಫೆಬ್ರವರಿ 12

ಅಯ್ಯೋ. ಹಾಗಾದರೆ ಈ ಜೂನ್‌ಗೆ ಏನು ಮಾಡಲಿ?

ಗರಗಸ | ಫೆಬ್ರವರಿ 12

ಇನ್ನೂ ಮೂರೂವರೆ ತಿಂಗಳು ಇದೆಯಲ್ಲ. ಹಳೇ ರೋಬಸ್ಟಾ ಕಾಫಿ ಗಿಡ ಕಿತ್ತವರು ಯಾರಾದರೂ ಹತ್ತಿರದಲ್ಲಿ ಇದ್ದಾರಾ ನೋಡಿ. ಕಿತ್ತು ವರ್ಷವಾದ ಕಾಫಿ ಬುಡ ಸಿಕ್ಕರೆ ಒಂದು ಪಿಕಪ್ ತರಿಸಿಬಿಡಿ. ಗಟ್ಟಿ ಸೌದೆ, ಕೆಂಡ ಜಾಸ್ತಿ ಹೊತ್ತು ನಿಲ್ಲುತ್ತೆ. ಸಿಗದಿದ್ದರೆ ಸಿಲ್ವರ್ ಓಕ್ ಈಗಲೇ ಕೊಯ್ಸಿ, ಸಣ್ಣಗೆ ಸೀಳಿಸಿ. ಮಣಿಕಟ್ಟಿನ ದಪ್ಪಕ್ಕಿಂತ ಜಾಸ್ತಿ ಬೇಡ. ರೋಬಸ್ಟಾ ಒಣಗಿಸಿ ಕಣ ಖಾಲಿಯಾದ ಮೇಲೆ ಅಲ್ಲೇ ಹರಡಿ. ಸಿಮೆಂಟ್ ಕಣದ ಬಿಸಿಲು ಬೇರೆಲ್ಲೂ ಸಿಗಲ್ಲ. ಹೂ ಮಳೆ ಬರುವ ಹಾಗಿದ್ದರೆ ಮಾತ್ರ ಎತ್ತಿಬಿಡಿ.

ಸೀಳುವುದು ಮುಖ್ಯ. ಉರುಟು ಕೊರಡು ಹಾಗೇ ಬಿಟ್ಟರೆ ಸಿಪ್ಪೆ ನೀರನ್ನು ಹೊರಗೆ ಬಿಡಲ್ಲ. ನೀರು ಹೋಗುವುದು ಹೆಚ್ಚಾಗಿ ಕೊಯ್ದ ತುದಿಯಿಂದ, ಸೀಳಿದ ಮೈಯಿಂದ. ಹಸಿ ಇರುವಾಗಲೇ ಸೀಳಿ, ಕೊಡಲಿಗೂ ಸುಲಭ. ಒಣಗಿದ ಮತ್ತಿ ಸೀಳಲು ಹೋದರೆ ಬೆಣೆ ಹಾರಿ ಮುಖಕ್ಕೆ ಬರುತ್ತೆ.

ಇಣುಕುನೋಟ | ಫೆಬ್ರವರಿ 12

ಬೆಂಗಳೂರಿನ ಹತ್ತನೇ ಮಹಡಿಯಲ್ಲಿ ಕೂತು ಪೂರ್ತಿ ಓದುತ್ತಿದ್ದೇನೆ. ನನ್ನ ಹತ್ತಿರ ಒಲೆ ಇಲ್ಲ, ಸೌದೆ ಇಲ್ಲ, ಕೆಲಸವೂ ಇಲ್ಲ.

ಒಲೆಮುಂದೆ | ಫೆಬ್ರವರಿ 13

ಮಗಳೇ, ನನಗೆ ವಯಸ್ಸು ಎಪ್ಪತ್ತು ದಾಟಿತು. ಮೊಮ್ಮಗನ ಕೈಲಿ ಬರೆಸುತ್ತಿದ್ದೇನೆ.

ನಮ್ಮ ಕಾಲದಲ್ಲಿ ಸೌದೆಗೆ ಕೊಟ್ಟಿಗೆ ಬೇರೆ ಇತ್ತು. ಮನೆಗೆ ತಾಗಿಸಿ ಒಟ್ಟುತ್ತಿರಲಿಲ್ಲ. ಬಾಣೆ ಅಂತ ಜಾಗ ಕೊಟ್ಟಿದ್ದೇ ಗದ್ದೆಗೆ ಸೊಪ್ಪು, ದನಕ್ಕೆ ಹುಲ್ಲು, ಮನೆಗೆ ಸೌದೆ ಸಿಗಲಿ ಅಂತ. ದೇವರಕಾಡಿನಿಂದ ಒಂದು ಪುರುಳೆಯನ್ನೂ ತರುತ್ತಿರಲಿಲ್ಲ. ಬಿದ್ದ ಕೊಂಬೆಯನ್ನೂ ಮುಟ್ಟುತ್ತಿರಲಿಲ್ಲ.

ಅಡುಗೆ ಮನೆಯಲ್ಲಿ ಒಲೆಯ ಮೇಲೆ ಅಟ್ಟ. ನಾಳೆಗೆ ಬೇಕಾದ ಸೌದೆ ಇವತ್ತೇ ಅಲ್ಲಿ ಏರಬೇಕು. ಹೊಗೆ, ಶಾಖ ತಾಗಿ ಬೆಳಿಗ್ಗೆಗೆ ಗರಿಗರಿ. ಅದೇ ಅಟ್ಟದ ಇನ್ನೊಂದು ಬದಿಯಲ್ಲಿ ಮಾಂಸ ಒಣಗುತ್ತಿತ್ತು. ಪಣಪುಳಿ ಅನ್ನುವ ಹುಳಿ ಕಾಯಿ ಹಣ್ಣಾಗುವುದೂ ಸುರಿಯುವ ಮಳೆಯಲ್ಲೇ. ಅದರ ರಸ ಇಳಿಸಿ ಕಾಚಂಪುಳಿ (ಅಡುಗೆಗೆ ಹಾಕುವ ಕಪ್ಪು ಹುಳಿ) ಮಾಡಲು ಗಂಟೆಗಟ್ಟಲೆ ಉರಿ ಬೇಕು. ಆಗ ಹಸಿ ಸೌದೆ ಇಟ್ಟವಳಿಗೆ ಅತ್ತೆಯಿಂದ ಬೈಗುಳ ಖಂಡಿತ. ನಾನೂ ತಿಂದಿದ್ದೇನೆ.

ಕೈಯಾಲೆಯಲ್ಲಿ, ಅಂದರೆ ಮನೆ ಮುಂದಿನ ಜಗಲಿಯಲ್ಲಿ, ಮಾತ್ರ ಒಟ್ಟಬೇಡ. ಅದು ಬಂದವರು ಕೂರುವ ಜಾಗ.

ಬಾಣೆಮನೆ | ಫೆಬ್ರವರಿ 13

ಅಜ್ಜೀ, ಕೈಯಾಲೆಯಲ್ಲಿ ಐಮರದ (ಕೂರುವ ಮರದ ಹಲಗೆಯ) ಕೆಳಗೆ ಸಾಲಾಗಿ ಜೋಡಿಸಿದರೆ ಚಂದ ಅಂತ ನಿನ್ನೆ ತಾನೇ ಅಪ್ಪನಿಗೆ ಹೇಳಿದ್ದೆ. ಅವರು ಮಾತೇ ಆಡಲಿಲ್ಲ. ಯಾಕೆ ಅಂತ ಈಗ ಗೊತ್ತಾಯಿತು.

ಶಾಂತಳ್ಳಿ_ಶೀಟು | ಫೆಬ್ರವರಿ 14

ನಮ್ಮ ಸೌದೆ ಕೊಟ್ಟಿಗೆಯ ಅಳತೆ ಹೇಳುತ್ತೇನೆ. ಇದಕ್ಕೆ ಮೊದಲು ಎರಡು ಸಲ ಕಟ್ಟಿ ಕೆಟ್ಟಿದ್ದೇನೆ.

ಉದ್ದ 12 ಅಡಿ, ಆಳ 5 ಅಡಿ. ಮನೆಯಿಂದ 20 ಹೆಜ್ಜೆ ದೂರ. ಮುಂದೆ 8 ಅಡಿ ಎತ್ತರ, ಹಿಂದೆ ಆರೂವರೆ. ಕಬ್ಬಿಣದ ಪೈಪು, ಮೇಲೆ ಶೀಟು. ಮಳೆ ನಮಗೆ ಬರುವುದು ಪಡುವಣದಿಂದ, ಗಾಳಿ ಜೊತೆ ಅಡ್ಡಡ್ಡಲಾಗಿ. ಹಾಗಾಗಿ ಪಡುವಣಕ್ಕೆ ಬೆನ್ನು, ಮೂಡಣಕ್ಕೆ ಬಾಯಿ. ಮೊದಲನೇ ಸಲ ಮೂರು ಕಡೆ ಇಟ್ಟಿಗೆ ಗೋಡೆ ಕಟ್ಟಿಸಿದ್ದೆ. ಅದು ಬೂಷ್ಟಿನ ಗುಹೆ ಆಯಿತು. ಎರಡನೇ ಸಲ ಗೋಡೆಯೇ ಇಲ್ಲದೆ ಬರೀ ಮಾಡು (ಛಾವಣಿ). ಎರಚಲು ಹೊಡೆದು ಅರ್ಧ ಸೌದೆ ತೊಯ್ದಿತು. ಈಗ ಬೆನ್ನಿಗೂ ಎರಡು ಬದಿಗೂ ಅಡಿಕೆ ಮರ ಸೀಳಿದ ದಬ್ಬೆ ಹೊಡೆದಿದ್ದೇನೆ, ನಡುವೆ ಒಂದು ಬೆರಳು ಸಂದು. ಎರಚಲು ತಡೆಯುತ್ತೆ, ಗಾಳಿ ಆಡುತ್ತೆ. ಮಾಡು ನಾಲ್ಕೂ ಕಡೆ ಎರಡು ಅಡಿ ಹೊರಗೆ ಚಾಚಿರಲಿ. ಅದರಲ್ಲಿ ಕಂಜೂಸು ಮಾಡಬೇಡಿ.

ನೆಲಕ್ಕೆ ಸಿಮೆಂಟ್ ಬ್ಲಾಕ್ ಇಟ್ಟು ಅದರ ಮೇಲೆ ಹಳೇ ಪೈಪು. ನೆಲದಿಂದ ಮುಕ್ಕಾಲು ಅಡಿ ಮೇಲೆ. ಗೆದ್ದಲು ಹತ್ತಿದರೂ ಬ್ಲಾಕಿನ ಮೇಲೆ ಮಣ್ಣಿನ ಗೆರೆ ಕಾಣುತ್ತೆ, ಉಜ್ಜಿಬಿಡಬಹುದು. ಮರದ ತೊಲೆ ನೆಲಕ್ಕೆ ಹಾಕಬೇಡಿ, ಅದು ಗೆದ್ದಲಿಗೆ ಏಣಿ ಇಟ್ಟ ಹಾಗೆ. ಬೆನ್ನಿನ ದಬ್ಬೆಗೂ ಸೌದೆಗೂ ನಡುವೆ ಒಂದು ಗೇಣು ಬಿಡಿ.

ಟಾರ್ಪಾಲು ಬೇಕೇ ಬೇಕು ಅಂದರೆ ನೆತ್ತಿಗೆ ಮಾತ್ರ, ಟೋಪಿ ಹಾಕಿದ ಹಾಗೆ. ಬುಡದವರೆಗೆ ಹೊದಿಸಿದರೆ ಸೌದೆಯ ಉಸಿರು ಅದರ ಮೈಗೇ ವಾಪಸ್ ಇಳಿಯುತ್ತೆ.

ಮಂಜುಮುಸುಕು | ಫೆಬ್ರವರಿ 14

ಮಡಿಕೇರಿಯಲ್ಲಿ ಎರಡು ರೂಮಿನ ಹೋಂಸ್ಟೇ ನಡೆಸುತ್ತೇನೆ. ಗುಂಡು ರಾಶಿ ನಾನೂ ಮಾಡಿ ನೋಡಿದ್ದೆ. ಒಣ ಗಾಳಿ ಇರುವ ಊರಿಗೆ ಅದು ಸರಿ. ನಮ್ಮಲ್ಲಿ ನಡುವಿನ ಸೌದೆಗೆ ಗಾಳಿಯೇ ತಾಗಲ್ಲ. ಒಂಟಿ ಸಾಲೇ ನಮಗೆ ಒಳ್ಳೆಯದು.

ಚಂದದ ಬಗ್ಗೆ ಕೇಳಿದಿರಿ. ನಾನು ಕಲಿತಿದ್ದು ಒಂದೇ: ದಪ್ಪ ಹೇಗಾದರೂ ಇರಲಿ, ಉದ್ದ ಒಂದೇ ಇರಬೇಕು. ಮರ ಕೊಯ್ಯುವವರ ಕೈಗೆ 14 ಅಂಗುಲದ ಒಂದು ಕೋಲು ಕೊಡಿ, ಅದೇ ಅಳತೆಗೆ ಕೊಯ್ಯಲಿ. ಆಗ ಮುಂದಿನ ಮೈ ಗೋಡೆಯ ಹಾಗೆ ಸಮ ನಿಲ್ಲುತ್ತೆ. ಸಣ್ಣದು ದೊಡ್ಡದು ಬೆರೆತಷ್ಟೂ ಚಂದ.

ಗೂಡಿನ ಒಳಗೆ ಕಬ್ಬಿಣದ ಚೌಕಟ್ಟು ಮಾಡಿಸಿ. ಕೆಳಗೆ 3 ಅಂಗುಲ, ಹಿಂದೆ 2 ಅಂಗುಲ ಜಾಗ. ನಮ್ಮಲ್ಲಿ ಕೆಳಗಿನ ಸಾಲು ಸೀಳಿದ ಸಿಲ್ವರ್ ಓಕ್. ಅದರ ಸೀಳಿದ ಮೈಯಲ್ಲಿ ಕಸೂತಿ ಹಾಕಿದ ಹಾಗೆ ಹೊಳೆಯುವ ಚುಕ್ಕಿ ಇರುತ್ತೆ, ಬೆಂಕಿ ಬೆಳಕಿಗೆ ಬಹಳ ಚೆನ್ನಾಗಿ ಕಾಣುತ್ತೆ. ಮೇಲೆ ಸಿಪ್ಪೆ ತೆಗೆದ ಕಾಫಿ ಬುಡ, ಸೊಟ್ಟ ಪಟ್ಟ ಇದ್ದದ್ದು. ಬಂದವರು ಅದನ್ನು ಶಿಲ್ಪ ಅಂದುಕೊಂಡು ಬೆಲೆ ಕೇಳಿದ್ದೂ ಉಂಟು. ಅದೇ ರಾತ್ರಿ ಚಳಿಗೆ ಅದನ್ನೇ ಉರಿಸಿದರು.

ಆದರೆ ಒಳಗೆ ಎರಡು ಮೂರು ದಿನಕ್ಕೆ ಬೇಕಾದಷ್ಟೇ ಇಡಿ. ಜಾಸ್ತಿ ಇಟ್ಟರೆ ಇರುವೆ, ಜಿರಳೆ, ಮರದ ಹುಳ ಎಲ್ಲ ಮನೆಗೆ ಬರುತ್ತೆ. ಬೆಂಕಿಗೂ ಗೂಡಿಗೂ ಮೂರು ಅಡಿಯಾದರೂ ದೂರ ಇರಲಿ. ಹೊಳಪು ಬರಲಿ ಅಂತ ವಾರ್ನಿಷ್ ಬಳಿಯಬೇಡಿ. ಪೇಂಟ್ ಇರುವ ಹಳೇ ಕಿಟಕಿ ಚೌಕಟ್ಟೂ ಒಲೆಗೆ ಹಾಕಬಾರದು, ಆ ಹೊಗೆ ಕೆಟ್ಟದ್ದು.

ಅರೇಬಿಕಾದವ | ಫೆಬ್ರವರಿ 16

ಕಾಫಿ ಬುಡ ಎಂದಿರಿ, ಒಂದು ಮಾತು ಸೇರಿಸಲೇಬೇಕು. ರೋಬಸ್ಟಾ ಸರಿ. ಅರೇಬಿಕಾ ಗಿಡ ಕಿತ್ತಿದ್ದು ಯಾಕೆ ಅಂತ ಕೇಳಿಕೊಳ್ಳಿ. ಮುಕ್ಕಾಲು ಪಾಲು ಉತ್ತರ ಬಿಳಿ ಕಾಂಡಕೊರಕ.

ಆ ಹುಳ ಕಾಂಡದ ಒಳಗೇ ಇರುತ್ತೆ. ಗಿಡ ಕಿತ್ತರೂ ಸಾಯಲ್ಲ. ನೀವು ಅದನ್ನು ಚಂದ ಜೋಡಿಸಿ ಇಟ್ಟರೆ ಏಪ್ರಿಲ್-ಮೇ ಹೊತ್ತಿಗೆ, ಇಲ್ಲಾ ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ ದುಂಬಿಯಾಗಿ ಹೊರಗೆ ಬಂದು ತೋಟಕ್ಕೆ ಹಾರುತ್ತೆ. ಸಿಪ್ಪೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತೆ. ನಮ್ಮ ಪಕ್ಕದ ತೋಟದವರ ಸೌದೆ ರಾಶಿಯಿಂದಲೇ ನಮ್ಮ ತೋಟಕ್ಕೆ ಬಂತು ಅಂತ ನನ್ನ ಅನುಮಾನ. ಜಗಳ ಆಗಿ ಈಗ ಎರಡು ವರ್ಷ ಮಾತಿಲ್ಲ.

ಹುಳ ಬಿದ್ದ ಗಿಡ ಕಿತ್ತ ಕೂಡಲೇ ಸುಡುವುದು ಒಳ್ಳೆಯದು. ಸೌದೆಗೆ ಬೇಕೇ ಬೇಕು ಅಂದರೆ 7ರಿಂದ 10 ದಿನ ನೀರಿನಲ್ಲಿ ಪೂರ್ತಿ ಮುಳುಗಿಸಿಡಿ. ಆಮೇಲೆ ಒಣಗಿಸಿ.

ಬಾಣೆಮನೆ | ಫೆಬ್ರವರಿ 16

ಇದು ನನಗೆ ಗೊತ್ತೇ ಇರಲಿಲ್ಲ. ನಮ್ಮದು ರೋಬಸ್ಟಾ, ಆದರೆ ಕೆಳಗಿನ ಮನೆಯವರದ್ದು ಅರೇಬಿಕಾ. ಸದ್ಯ, ಕೇಳಿದ್ದು ಒಳ್ಳೆಯದಾಯಿತು.

ಗರಗಸ | ಫೆಬ್ರವರಿ 16

ಬೇಡದ ಮರಗಳ ಪಟ್ಟಿಗೆ ಬರುತ್ತೇನೆ. ಹಾಲುವಾಣ ಬೆಂಡಿನ ಹಾಗೆ, ಹೊರುವ ಕೂಲಿಯೂ ಹುಟ್ಟಲ್ಲ. ಅತ್ತಿ, ಬಸರಿ ಹೊಗೆ ಜಾಸ್ತಿ, ಉರಿ ಕಡಿಮೆ. ಬಿದಿರನ್ನು ಗಂಟು ಸೀಳದೆ ಒಲೆಗಿಟ್ಟರೆ ಪಟಾಕಿ. ಸಿಲ್ವರ್ ಓಕ್ ಬೇಗ ಹತ್ತುತ್ತೆ, ಬೇಗ ಮುಗಿಯುತ್ತೆ. ಬೆಂಕಿ ಹಚ್ಚಲು ಅದು, ಇಡೀ ರಾತ್ರಿ ಕೆಂಡಕ್ಕೆ ಮತ್ತಿ ಅಥವಾ ಕಾಫಿ ಬುಡ.

ಚೇರೆ ಮರ ಮಾತ್ರ ಹತ್ತಿರವೂ ಸೇರಿಸಬೇಡಿ. ಹೊಲಗೇರು ಅಂತಲೂ ಹೇಳುತ್ತಾರೆ. ಅದರ ರಸ ತಾಗಿದರೆ ಮೈಯೆಲ್ಲ ಬೊಬ್ಬೆ. ಕೊಯ್ದ ಜಾಗ ಕಪ್ಪಾಗುತ್ತೆ, ಅದೇ ಗುರುತು. ಕೆಲಸಕ್ಕೆ ಬಂದ ಹೊಸ ಹುಡುಗ ಒಬ್ಬ ಗೊತ್ತಿಲ್ಲದೆ ಹೊತ್ತು ಒಂದು ವಾರ ಮಲಗಿದ. ಒಲೆಗೆ ಹಾಕಿದರೆ ಅದರ ಹೊಗೆಯೂ ನಮ್ಮನ್ನು ಸುಮ್ಮನೆ ಬಿಡಲ್ಲ.

ಇನ್ನು ಕಾನೂನು. ಸಿಲ್ವರ್ ಓಕ್‌ಗೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಕಡಿಯುವ ಅನುಮತಿಯಿಂದ ವಿನಾಯಿತಿ ಇದೆ. ಬೀಟೆ, ತೇಗ, ಹೊನ್ನೆ ಅಂದರೆ ಸ್ವಂತ ತೋಟದ್ದೇ ಆದರೂ ಅರಣ್ಯ ಇಲಾಖೆಯನ್ನು ಕೇಳದೆ ಮುಟ್ಟಬೇಡಿ.

ಕಾವೇರಿತೀರ | ಫೆಬ್ರವರಿ 17

ಮೇಲಿನ ಸಾಲಿನಲ್ಲಿ ಸಿಪ್ಪೆ ಮೇಲೆ ಬರಬೇಕಾ, ಕೆಳಗೆ ಬರಬೇಕಾ? ಮನೆಯಲ್ಲಿ ಪ್ರತಿ ವರ್ಷ ಜಗಳ.

ಗರಗಸ | ಫೆಬ್ರವರಿ 17

ಮೇಲೆ. ಹಂಚಿನ ಹಾಗೆ ನೀರು ಜಾರಿಸುತ್ತೆ.

ಶಾಂತಳ್ಳಿ_ಶೀಟು | ಫೆಬ್ರವರಿ 17

ಮಾಡಿನ ಕೆಳಗಾದರೆ ಕೆಳಗೆ. ಸೀಳಿದ ಮೈ ಮೇಲಿದ್ದರೆ ಬೇಗ ಆರುತ್ತೆ.

ಒಲೆಮುಂದೆ | ಫೆಬ್ರವರಿ 17

ಒಣ ಸೌದೆಗೆ ಯಾವುದಾದರೇನು. ಜಗಳ ಬಿಡಿ, ಹೋಗಿ ಸೀಳಿ.

ಮಂಜುಮುಸುಕು | ಫೆಬ್ರವರಿ 18

ಒಟ್ಟುವ ಕ್ರಮ ಯಾರೂ ಹೇಳಲಿಲ್ಲವಲ್ಲ. ಎರಡು ತುದಿಯಲ್ಲಿ ಅಡ್ಡ ಒಂದು ಸಾಲು, ಉದ್ದ ಒಂದು ಸಾಲು ಇಟ್ಟು ಕಂಬದ ಹಾಗೆ ಏರಿಸಿ. ಅದಕ್ಕೆ ಚೌಕ ಸೀಳಿದ್ದನ್ನೇ ಆರಿಸಿ. ನಡುವೆ ಮಾಮೂಲಿ ಜೋಡಣೆ. ದಪ್ಪದ್ದು ಬುಡಕ್ಕೆ. ನಾಲ್ಕೂವರೆ ಅಡಿಗಿಂತ ಎತ್ತರ ಬೇಡ. ಒಣಗುತ್ತಾ ಸೌದೆ ಕುಗ್ಗುತ್ತೆ, ಸಾಲು ಒಂದು ಕಡೆಗೆ ವಾಲುತ್ತೆ. ಮಕ್ಕಳಿರುವ ಮನೆಯಾದರೆ ಇದು ತಮಾಷೆಯಲ್ಲ. ತಿಂಗಳಿಗೊಮ್ಮೆ ಕಾಲಿನಿಂದ ತಳ್ಳಿ ನೋಡಿ.

ಒಣಗಿದೆಯಾ ಅಂತ ನೋಡಲು ಎರಡು ತುಂಡು ಬಡಿಯಿರಿ. ಟಣ್ ಅಂದರೆ ಒಣಗಿದೆ, ದಬ್ ಅಂದರೆ ಇನ್ನೂ ಹಸಿ ಇದೆ. ತುದಿಯಲ್ಲಿ ಬಿರುಕು ಬಿಟ್ಟಿರುತ್ತೆ. ನಾನು ಇನ್ನೊಂದು ಮಾಡುತ್ತೇನೆ. ಒಂದು ತುಂಡಿಗೆ ಪೇಂಟಿನಲ್ಲಿ ಗುರುತು ಹಾಕಿ, 15 ದಿನಕ್ಕೊಮ್ಮೆ ಅಡುಗೆ ಮನೆ ತಕ್ಕಡಿಯಲ್ಲಿ ತೂಗುತ್ತೇನೆ. ತೂಕ ಇಳಿಯುವುದು ನಿಂತರೆ ಸರಿಯಾಯಿತು. ತೇವ ಅಳೆಯುವ ಮೀಟರ್ ಇದ್ದರೆ ಶೇಕಡಾ 20ಕ್ಕಿಂತ ಕೆಳಗೆ ಬರಬೇಕು. ಕಾಫಿ ಬೀಜದ ಮೀಟರ್ ಇದಕ್ಕೆ ಆಗಲ್ಲ, ಪ್ರಯತ್ನ ಮಾಡಿ ಬೈಸಿಕೊಂಡಿದ್ದೇನೆ.

ಹಸಿ ಸೌದೆ ಫೈರ್‌ಪ್ಲೇಸ್‌ಗೆ ಹಾಕಿದರೆ ಚಿಮಣಿ ಒಳಗೆ ಟಾರಿನ ಹಾಗೆ ಕಪ್ಪು ಅಂಟು ಕೂರುತ್ತೆ. ಅದಕ್ಕೇ ಒಂದು ದಿನ ಬೆಂಕಿ ಹತ್ತಬಹುದು. ಮಳೆಗಾಲಕ್ಕೆ ಮುಂಚೆ ಚಿಮಣಿ ಉಜ್ಜಿಸಿ.

ಅರೇಬಿಕಾದವ | ಫೆಬ್ರವರಿ 18

ಹಾವಿನ ವಿಷಯ ಎಲ್ಲರೂ ಮರೆತಿರಾ? ಸಂದಿನಲ್ಲಿ ಇಲಿ ಸೇರುತ್ತೆ, ಇಲಿಯ ಹಿಂದೆ ನಾಗರ ಬರುತ್ತೆ. ಸೌದೆ ಪಕ್ಕ ಭತ್ತದ ಚೀಲ, ಕೋಳಿ ತಿಂಡಿ ಇಡಬೇಡಿ. ಮೊದಲು ಕೋಲಿನಿಂದ ಬಡಿದು, ಒಂದು ಕ್ಷಣ ನಿಂತು, ಆಮೇಲೆ ಮೇಲಿನ ಸಾಲಿನಿಂದ ತೆಗೆಯಿರಿ. ಸಂದಿಗೆ ಕೈ ಹಾಕಿ ಎಳೆಯಬೇಡಿ. ರಾತ್ರಿ ಆದರೆ ಟಾರ್ಚು, ಶೂ. ಕಚ್ಚಿದರೆ ನೇರ ಆಸ್ಪತ್ರೆ, ನಡುವೆ ಎಲ್ಲೂ ನಿಲ್ಲಬೇಡಿ.

ಶಾಂತಳ್ಳಿ_ಶೀಟು | ಫೆಬ್ರವರಿ 19

2018ರ ಆಗಸ್ಟ್ ನೆನಪಿದೆಯಲ್ಲ. ಗುಡ್ಡ ಕುಸಿದು ನಮ್ಮ ದಾರಿ ಬಂದ್, ಕರೆಂಟು ಇಲ್ಲ, ಗ್ಯಾಸ್ ಸಿಲಿಂಡರ್ ಮುಗಿದಿತ್ತು. ಪಕ್ಕದ ಎರಡು ಮನೆಯವರೂ ನಮ್ಮಲ್ಲೇ ಉಂಡರು. ಆಗ ಉರಿದಿದ್ದು ಹಿಂದಿನ ವರ್ಷದ ಅಟ್ಟಿ. ಅದಕ್ಕೇ ನಾನು ಕೊಟ್ಟಿಗೆಯ ಒಂದು ಮೂಲೆ ಸೌದೆ ಏನೇ ಆದರೂ ಮುಟ್ಟುವುದಿಲ್ಲ.

ಬಾಣೆಮನೆ | ಆಗಸ್ಟ್ 4

ತಡವಾಯಿತು, ಕ್ಷಮಿಸಿ. ನಿನ್ನೆ ಕಕ್ಕಡ 18, ಆ ತಿಂಗಳ ಹದಿನೆಂಟನೇ ದಿನ, ಮದ್ದು ಸೊಪ್ಪು ತಿನ್ನುವ ದಿನ. ಮದ್ದು ಸೊಪ್ಪಿನ ಪಾಯಸ ಹಿಂದಿನ ಒಲೆಯಲ್ಲೇ ಆಯಿತು. ಅವ್ವ ಒಂದು ಸಲವೂ ಊದುಗೊಳವೆ ಕೇಳಲಿಲ್ಲ.

ಮಾಡಿದ್ದು ಇಷ್ಟು. ಹತ್ತಿರದ ತೋಟದಿಂದ ಎರಡು ಪಿಕಪ್ ಹಳೇ ರೋಬಸ್ಟಾ ಬುಡ ಸಿಕ್ಕಿತು. ಸಿಲ್ವರ್ ಓಕ್ ಸಣ್ಣಗೆ ಸೀಳಿಸಿ ಏಪ್ರಿಲ್ ಪೂರ್ತಿ ಕಣದಲ್ಲಿ ಹರಡಿದೆ, ಮೂರು ಸಲ ಮಳೆಗೆ ಓಡಿ ಓಡಿ ಎತ್ತಿದೆ. ಕೊಟ್ಟಿಗೆ ಶಾಂತಳ್ಳಿ ಅಣ್ಣನ ಅಳತೆಯದ್ದೇ. ಆದರೆ ಮಾಡು ಒಂದೇ ಅಡಿ ಚಾಚಿಸಿದೆ, ದುಡ್ಡು ಉಳಿಯಲಿ ಅಂತ. ಎಡ ತುದಿಯ ಎರಡು ಸಾಲು ತೊಯ್ದಿದೆ. ಹೇಳಿದ್ದಿರಿ, ಕೇಳಲಿಲ್ಲ. ಮೇ ತಿಂಗಳ ಕಪಾತಿನ ಸೌದೆಗೆ ಬೇರೆ ಅಟ್ಟಿ, ಅದಕ್ಕೆ ಸುಣ್ಣದಲ್ಲಿ "ಮುಂದಿನ ವರ್ಷ" ಅಂತ ಬರೆದಿದ್ದೇನೆ. ಇಲ್ಲದಿದ್ದರೆ ಅಪ್ಪ ಎಳೆದುಬಿಡುತ್ತಾರೆ.

ಹಾಲ್‌ನ ಗೂಡು ಚೆನ್ನಾಗಿ ಬಂದಿದೆ. ಎಲ್ಲ 14 ಅಂಗುಲ. ಒಂದೇ ತೊಂದರೆ, ಜೋಡಿಸಿದ್ದನ್ನು ಉರಿಸಲು ಮನಸ್ಸು ಬರಲ್ಲ. ಅಪ್ಪನಿಗೆ ಆ ಸಂಕಟ ಇಲ್ಲ, ದಿನಾ ಸಂಜೆ ನಡುವಿನಿಂದಲೇ ಒಂದು ಎಳೆಯುತ್ತಾರೆ.

ಈಗ ಹೊಸ ಪ್ರಶ್ನೆ. ಕೊಟ್ಟಿಗೆಯ ಬಲ ತುದಿಯಲ್ಲಿ, ಅತಿ ಒಣಗಿದ ಕಾಫಿ ಬುಡದ ಮೇಲೆ ನಮ್ಮ ನಾಟಿ ಕೋಳಿ ಕಾವಿಗೆ ಕೂತಿದೆ. ಕೆಳಗೆ ಒಂಬತ್ತು ಮೊಟ್ಟೆ. ಹತ್ತಿರ ಹೋದರೆ ಕುಕ್ಕುತ್ತೆ. ಏನು ಮಾಡಲಿ?

ಒಲೆಮುಂದೆ | ಆಗಸ್ಟ್ 4

21 ದಿನ ಆ ಕಡೆ ಹೋಗಬೇಡ. ಎಡಗಡೆಯ ತೊಯ್ದ ಸಾಲನ್ನು ತಂದು ಒಲೆಯ ಮೇಲಿನ ಅಟ್ಟಕ್ಕೆ ಹಾಕು.